ಕೋಲಾರದಲ್ಲಿ ಸರಿ, ಚೆನ್ನೈ ಟ್ರ್ಯಾಕ್‌ನಲ್ಲಿ ನಾಕಿಂಗ್: 1298 ಸಿಸಿ ಟರ್ಬೊ, 3ನೇ ಪಿಸ್ಟನ್ ಹೋಯ್ತು

ಪ್ರಶ್ನೆ, ಕೋಲಾರದಿಂದ:
16 ವಾಲ್ವ್, 74 ಮಿ.ಮೀ. ಬೋರ್, ಫೋರ್ಜ್ಡ್ ಪಿಸ್ಟನ್, ಕಂಪ್ರೆಷನ್ 9:1, 95 ಆಕ್ಟೇನ್ ಪೆಟ್ರೋಲ್. ಬೂಸ್ಟ್ (ಟರ್ಬೊ ಕೊಡೋ ಹೆಚ್ಚುವರಿ ಗಾಳಿ ಒತ್ತಡ) 0.8 ಬಾರ್, ಬರೀ ವೇಸ್ಟ್‌ಗೇಟ್ (ಬೂಸ್ಟ್ ಮಿತಿಯಲ್ಲಿಡೋ ಕವಾಟ) ಸ್ಪ್ರಿಂಗ್ ಮೇಲೆ. ಇಲ್ಲಿ ಡೈನೊ (ಪವರ್ ಅಳೆಯೋ ಯಂತ್ರ) ಟ್ಯೂನಿಂಗ್‌ನಲ್ಲಿ ಒಂದು ಸಲವೂ ನಾಕ್ (ಪೆಟ್ರೋಲ್ ತಾನಾಗೇ ಹೊತ್ತಿ ಸಿಡಿಯೋದು) ಇಲ್ಲ. ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ಆರನೇ ಸುತ್ತಿಗೆ ಪವರ್ ಬಿತ್ತು, ಎಂಜಿನ್ ಒಳಗಿನ ಆವಿ ಹೊರಬಿಡೋ ಬ್ರೀದರ್‌ನಿಂದ ಹೊಗೆ. ಬಿಚ್ಚಿದರೆ 3ನೇ ಪಿಸ್ಟನ್‌ನಲ್ಲಿ ಮೊದಲೆರಡು ರಿಂಗ್‌ಗಳ ನಡುವಿನ ಅಂಚು ಮುರಿದಿದೆ. ಗೇಜ್ ಅಲ್ಲೂ 0.8 ತೋರಿಸುತ್ತಿತ್ತು. ಹೊಸ ಪಿಸ್ಟನ್ ಹಾಕೋ ಮೊದಲು ಕಾರಣ ಗೊತ್ತಾಗಬೇಕು.

ಉತ್ತರ, ತುಮಕೂರಿನಿಂದ:
ಸರ್, ಮೊದಲು ರಿಂಗ್‌ನ ಎರಡೂ ತುದಿ ನೋಡಿ. ಉಜ್ಜಿದಂತೆ ಹೊಳೀತಿದ್ದರೆ ಕಾವಿಗೆ ಹಿಗ್ಗಿ ಒಂದಕ್ಕೊಂದು ಒತ್ತಿವೆ ಅಂತ. ಆಗಲೂ ಅಂಚು ಹೀಗೇ ಮುರಿಯುತ್ತೆ. ಈ ಬೋರ್‌ಗೆ ಟರ್ಬೊದಲ್ಲಿ ಮೇಲಿನ ರಿಂಗ್ ಗ್ಯಾಪ್ 0.40ರಿಂದ 0.45 ಮಿ.ಮೀ. ಬೇಕು. ಆಮೇಲೆ ಪ್ಲಗ್. ಬಿಳಿ ಪಿಂಗಾಣಿ ಮೇಲೆ ಲೆನ್ಸ್ ಹಿಡೀರಿ. ಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆ, ಅದರ ನಡುವೆ ಬೆಳ್ಳಿ ಹಾಗೆ ಮಿನುಗೋ ಕಣ ಕಂಡರೆ ಅದು ಪಿಸ್ಟನ್‌ನಿಂದ ಕಿತ್ತು ಬಂದ ಅಲ್ಯೂಮಿನಿಯಂ. ನಾಕಿಂಗ್ ಖಚಿತ. ಲಾಗ್ ಇದ್ದರೆ ಹಾಕಿ.

ಕೋಲಾರದಿಂದ:
ರಿಂಗ್ ತುದಿ ಮಂಕಾಗಿವೆ, ಗ್ಯಾಪ್ 0.42. ಪ್ಲಗ್ ಮೇಲೆ ಮಿನುಗೋ ಕಣ ಇವೆ. ಫ್ಯುಯೆಲ್ ಪ್ರೆಶರ್ ಬೇಸ್ 3 ಬಾರ್, ಪೂರ್ತಿ ಬೂಸ್ಟ್‌ನಲ್ಲಿ 3.8, ಕುಸಿದಿಲ್ಲ. 6,500 ಆರ್‌ಪಿಎಂನಲ್ಲಿ ಮ್ಯಾನಿಫೋಲ್ಡ್‌ನಲ್ಲಿ (ಎಂಜಿನ್‌ಗೆ ಗಾಳಿ ಹೋಗೋ ಕೊಳವೆ) ಒಟ್ಟು ಒತ್ತಡ 181 ಕೆಪಿಎ (100 ಕೆಪಿಎ ಅಂದರೆ 1 ಬಾರ್), ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತ, ಕಡಿಮೆಯಾದಷ್ಟೂ ಪೆಟ್ರೋಲ್ ಹೆಚ್ಚು) 0.84 (ಇಲ್ಲಿ 0.80 ಇತ್ತು), ಟರ್ಬೊ ಗಾಳಿ ತಣಿಸೋ ಇಂಟರ್‌ಕೂಲರ್ ದಾಟಿದ ಗಾಳಿ 61 ಡಿಗ್ರಿ.

ಉತ್ತರ, ಚಿಕ್ಕಬಳ್ಳಾಪುರದಿಂದ:
ಆ 181ರಲ್ಲೇ ಇದೆ ಅಣ್ಣ ಉತ್ತರ. ಕೋಲಾರ ಸಮುದ್ರಮಟ್ಟದಿಂದ 800 ಮೀಟರ್‌ಗೂ ಮೇಲೆ, ಹೊರಗಿನ ಗಾಳಿ ಸುಮಾರು 92 ಕೆಪಿಎ. ಬೂಸ್ಟ್ 80 ಸೇರಿದರೆ 172. ಚೆನ್ನೈ ಕಡೆ ಹೊರಗೇ 101. ವೇಸ್ಟ್‌ಗೇಟ್ ಡಬ್ಬಿಯ ಸ್ಪ್ರಿಂಗ್ ಬದಿ ಹೊರಗಾಳಿಗೆ ತೆರೆದಿರುತ್ತೆ, ಹಾಗಾಗಿ ಎಲ್ಲಿಗೆ ಹೋದರೂ ಹೊರಗಿಗಿಂತ 80 ಹೆಚ್ಚು ಕೊಡುತ್ತೆ. ಗೇಜ್ ಕೂಡ ಆ ವ್ಯತ್ಯಾಸವನ್ನೇ ತೋರಿಸೋದು. ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಮಾತ್ರ ಒಟ್ಟು ಒತ್ತಡ ನೋಡುತ್ತೆ. ನಿಮ್ಮ ಡೈನೊದಲ್ಲಿ ಎಂಜಿನ್ 172 ದಾಟೇ ಇಲ್ಲ, ಅಂದರೆ ಇಸಿಯು ಕೋಷ್ಟಕದಲ್ಲಿ 180 ಕೆಪಿಎ ಸಾಲು ಟ್ಯೂನ್ ಆಗಿಲ್ಲ. 170ರ ಇಂಜೆಕ್ಷನ್ ಸಮಯ, ಇಗ್ನಿಷನ್ (ಕಿಡಿ ಹಾರೋ ಗಳಿಗೆ) ಎರಡೂ ಹಾಗೇ ನಕಲಾಗಿರಬೇಕು. ಗಾಳಿ 5% ಹೆಚ್ಚಿತು, ಪೆಟ್ರೋಲ್ ಅಷ್ಟೇ ಉಳೀತು. ನಿಮ್ಮ 0.84ಕ್ಕೆ ಲೆಕ್ಕ ಸರಿಯಾಗಿ ಕೂರುತ್ತೆ. ಒತ್ತಡ ಏರಿ ಪೆಟ್ರೋಲ್ ಸಾಲದೇ ನಾಕ್ ಆಗಿದೆ.

ಕೋಲಾರದ ಡೈನೊದಲ್ಲೇ ಬೂಸ್ಟ್ 0.95ಕ್ಕೆ ಏರಿಸಿ, 187 ಕೆಪಿಎವರೆಗೆ ಟ್ಯೂನ್ ಮಾಡಿಸಿ. 170ರ ಸಾಲಿಗಿಂತ ಇಗ್ನಿಷನ್ 4 ಡಿಗ್ರಿ ಹಿಂದೆ (ಕಿಡಿ ತಡವಾಗಿ) ಇಟ್ಟು ಶುರು ಮಾಡಿ, ಲ್ಯಾಂಬ್ಡಾ 0.78, ನಾಕ್ ಕೇಳೋ ಹೆಡ್‌ಫೋನ್ ಕಿವಿಯಲ್ಲೇ ಇರಲಿ. ಗಾಳಿ 45 ಡಿಗ್ರಿ ದಾಟಿದ ಮೇಲೆ ಪ್ರತಿ 5 ಡಿಗ್ರಿಗೆ ಇಗ್ನಿಷನ್ 1 ಡಿಗ್ರಿ ಇಳಿಯೋ ತಿದ್ದುಪಡಿ ಹಾಕಿಸಿ. ಇನ್ನೂ ಒಳ್ಳೇದು: 0.5 ಬಾರ್ ಸ್ಪ್ರಿಂಗ್, ಬೂಸ್ಟ್ ಸೊಲೆನಾಯ್ಡ್ (ಇಸಿಯು ನಿಯಂತ್ರಿಸೋ ವಿದ್ಯುತ್ ಕವಾಟ) ಹಾಕಿ, ಗುರಿಯನ್ನ ಒಟ್ಟು 172 ಅಂತ ಇಡಿ. ಆಗ ಘಾಟಿ ಇಳಿದರೂ ಒತ್ತಡ ಅಷ್ಟೇ ಇರುತ್ತೆ.

ತುಮಕೂರಿನಿಂದ:
ಒಪ್ಪಿದೆ, ನನಗೆ ಎತ್ತರದ ಲೆಕ್ಕ ಹೊಳೆದಿರಲಿಲ್ಲ. 61 ಡಿಗ್ರಿಯನ್ನೂ ಬಿಡಬೇಡಿ ಸರ್: ಬಂಪರ್‌ಗೂ ಇಂಟರ್‌ಕೂಲರ್‌ಗೂ ನಡುವಿನ ಸಂದನ್ನ ಫೋಮ್ ಪಟ್ಟಿಯಿಂದ ಮುಚ್ಚಿ, ಗಾಳಿ ಪಕ್ಕದಲ್ಲಿ ಜಾರಿ ಹೋಗಬಾರದು. ಉಳಿದ ಮೂರು ಪಿಸ್ಟನ್‌ನ ತಲೆಯ ಅಂಚನ್ನ ಉಗುರಿಂದ ಸವರಿ ನೋಡಿ. ಉಪ್ಪುಕಾಗದದ ಹಾಗೆ ತರಿತರಿ ಸಿಕ್ಕರೆ ಅವನ್ನೂ ಮತ್ತೆ ಹಾಕಬೇಡಿ.