ಕಬ್ಬಿನ 'ಬೀಜ' ಬೀಜ ಹೌದೋ ಅಲ್ಲೋ? ಅಲೈಂಗಿಕ ಸಂತಾನೋತ್ಪತ್ತಿಗೆ ನಮ್ಮ ಮಾತಿನ್ಯಾಗ ಏನಂತಾರ?

ಎಲ್ಲಾರಿಗೂ ನಮಸ್ಕಾರ್ರಿ,

ನಂದೊಂದು ಪ್ರಶ್ನೆ ಐತಿ, ಸ್ವಲ್ಪ ಉದ್ದ ಆಗತೈತಿ. ನಾವು ರಾಣೆಬೆನ್ನೂರ ತಾಲೂಕಿನವ್ರು. ಮೊನ್ನೆ ನಮ್ಮ ಅಣ್ಣನ ಮಗಳು, ಹತ್ತನೇತ್ತಾ ಓದಾಕಿ, ವಿಜ್ಞಾನದ ಪುಸ್ತಕ ಹಿಡಕೊಂಡ ಬಂದು "ಕಾಕಾ, ಕಬ್ಬಿಂದು ಅಲೈಂಗಿಕ ಸಂತಾನೋತ್ಪತ್ತಿ, ಅದಕ್ಕ ಬೀಜ ಬೇಕಾಗಿಲ್ಲ ಅಂತ ಟೀಚರ್ ಹೇಳ್ಯಾರ, ಮತ್ತ ಅಜ್ಜ ನಿನ್ನೆ ಕಬ್ಬಿನ ಬೀಜಕ್ಕ ರೊಕ್ಕ ಕೊಟ್ಟನಲ್ಲ, ಅದೇನು?" ಅಂದ್ಲು. ನನಗ ತಟ್ಟನೆ ಹೇಳಾಕ ಬರಲಿಲ್ಲ.

ನಮ್ಮಲ್ಲಿ ಹೊಲಕ್ಕ ಹಾಕೋದೆಲ್ಲಾ ಬೀಜನ. ಎರಡ ಕಣ್ಣಿನ ಕಬ್ಬಿನ ತುಂಡೂ ಬೀಜ, ಊರೋ ಆಲೂಗಡ್ಡೀನೂ ಬೀಜ, ಅರಿಷಿಣದ ಗಡ್ಡೀನೂ ಬೀಜ. ಅಪ್ಪ ತುಂಡ ಕಡಿಯುವಾಗ ಒಂದೊಂದನ್ನೂ ಕೈಯಾಗ ತಿರುವಿ ನೋಡತಾನ, ಗಿಣ್ಣಿನ ಮ್ಯಾಲಿನ ಕಣ್ಣಿಗೆ ಪೆಟ್ಟಾಗಿದ್ರ ಬದಿಗಿಡತಾನ. ಆ ಕಣ್ಣು ಅಂದ್ರ ಮೊಗ್ಗು, ಅದರಿಂದ ಏಳೋ ಕಬ್ಬು ತಾಯಿ ಕಬ್ಬಿನಂಥಾದ್ದ, ಗಂಡು ಹೆಣ್ಣು ಕೂಡೋ ಮಾತ ಇಲ್ಲ. ಹಂಗಂತ ಕಬ್ಬಿಗೆ ಖರೇ ಬೀಜ ಇಲ್ಲಂತಲ್ಲ, ಸೂಲಂಗಿ, ಅಂದ್ರ ಕಬ್ಬಿನ ಹೂವಿನ ತೆನಿ, ಬಿಟ್ಟಾಗ ಹತ್ತಿ ಅರಳಿಯಂಗ ಹಾರತಾವಲ್ಲ ಅದರಾಗ ಸಣ್ಣ ಬೀಜ ಇರತಾವ. ಕೊಯಮತ್ತೂರಿನಾಗ 1912ರಾಗ ಶುರು ಆದ ಕಬ್ಬಿನ ತಳಿ ಸಂಸ್ಥೆಯವ್ರು ಎರಡು ತಳಿಯ ಹೂವು ಕೂಡಿಸಿ ಆ ಬೀಜದಿಂದನ ಹೊಸಾ ಕಬ್ಬು ತಗೀತಾರ. ನಾವು ಹಚ್ಚೋ ಕೊ 86032 ಅನ್ನೋ ತಳಿ ಹುಟ್ಟಿದ್ದು ಹಂಗ, ಆದ್ರ ಆಮ್ಯಾಲೆ ಹೊಲದಿಂದ ಹೊಲಕ್ಕ ಹಬ್ಬಿದ್ದು ಬರೇ ತುಂಡಿನ ಮ್ಯಾಲೆ.

ಇನ್ನ ಹತ್ತಿ ನೋಡ್ರಿ. ಧಾರವಾಡದಾಗ 1972ರಾಗ ವರಲಕ್ಷ್ಮಿ ಹೈಬ್ರಿಡ್ ಬಂತು, ಎರಡು ಬ್ಯಾರೆ ಬ್ಯಾರೆ ಜಾತಿ ಹತ್ತಿ ಕೂಡಿಸಿದ್ದು. ನಮ್ಮ ಕಡೆ ಬೀಜದ ಹತ್ತಿ ಮಾಡೋರು ಇದಕ್ಕ 'ಕ್ರಾಸಿಂಗ್' ಅಂತಾರ. ಹೆಣ್ಣಮಕ್ಕಳು ಸಂಜೀಕ ನಾಳೆ ಅರಳೋ ಮೊಗ್ಗು ಹುಡುಕಿ ಹೆಬ್ಬಟ್ಟಿನ ಉಗುರಿನಿಂದ ಎಸಳು, ಗಂಡಿನ ಭಾಗ ಸುತ್ತಲೂ ಸುಲದು, ನಡುವಿನ ಕಡ್ಡಿ ಮುರೀದಂಗ ಬಿಟ್ಟಿರತಾರ, ಮರುದಿನ ಮುಂಜಾನೆ ಗಂಡ ಹೂವು ತಂದು ಆ ಕಡ್ಡಿಗೆ ಪುಡಿ ಒರಸತಾರ. ಇದು ಪುಸ್ತಕದ ಲೈಂಗಿಕ ಸಂತಾನೋತ್ಪತ್ತಿ, ನಮ್ಮ ಕಣ್ಣ ಮುಂದನ ನಡೀತೈತಿ. ಹೈಬ್ರಿಡ್ ಹತ್ತಿಯ ಬೀಜ ತಗದಿಟ್ಟು ಮರುವರ್ಷ ಬಿತ್ತಿದ್ರ ಗಿಡ ಒಂದರಂಗ ಒಂದು ಬರೂದಿಲ್ಲ, ಕಬ್ಬಿನ ತುಂಡಿಗೆ ಆ ಚಿಂತಿ ಇಲ್ಲ. ಎರಡಕ್ಕೂ ನಾವು ಬೀಜ ಅಂತೀವಿ, ಹುಡುಗಿ ಎಡವಿದ್ದು ಅಲ್ಲೇ.

ಪುಸ್ತಕದ ಮಾತೂ ನನಗ ಸಮಾಧಾನ ಇಲ್ಲ. ಲೈಂಗಿಕ, ಅಲೈಂಗಿಕ ಎರಡನ್ನೂ ಜೋರಾಗಿ ಓದಿದ್ರ ಆ 'ಅ' ಹಿಂದಿನ ಶಬ್ದದಾಗ ಮುಳುಗಿ ಹೋಗತೈತಿ, ಉಲ್ಟಾ ಅರ್ಥ ಕೇಳತೈತಿ. ಕೆಲವರು ನಿರ್ಲಿಂಗ ಅಂತ ಬರೀತಾರ, ಆದ್ರ ನಮ್ಮ ಕಡೆ ಲಿಂಗ ಅಂದ್ರ ಮೊದಲ ನೆನಪಾಗೋದು ಕೊರಳಾಗಿನ ಇಷ್ಟಲಿಂಗ, ಮನ್ಯಾಗ ಅವ್ವನ ಮುಂದ ಆ ಪದ ಹೇಳಾಕ ನನಗ ಮನಸ್ಸ ಬರೂದಿಲ್ಲ.

ಕ್ರಿಯಾಪದದಾಗರ ವ್ಯತ್ಯಾಸ ಐತೇನು ಅಂತ ನೋಡಿದೆ. ಜೋಳ ಬಿತ್ತತೀವಿ, ಕಬ್ಬು ಹಚ್ಚತೀವಿ. ಭಾಳ ಖುಷಿ ಆತು, ಬಿತ್ತು ಅನ್ನೋದು ಹಳಗನ್ನಡದಾಗ ಬೀಜಕ್ಕ ಇದ್ದ ನಮ್ಮದ ಹೆಸರು. ಆದ್ರ ಬ್ಯಾಡಗಿ ಮೆಣಸಿನ ಸಸೀನೂ ಹಚ್ಚತೀವಿ, ಅದು ಹುಟ್ಟಿದ್ದು ಬೀಜದಿಂದ. ಅಲ್ಲಿಗೆ ಅದೂ ಕೈ ಕೊಟ್ಟಿತು.

ಬಾಳಿಗೆ ಮಾತ್ರ ಚೊಲೋ ಶಬ್ದ ಐತಿ, ಕಂದು. ಬುಡದಾಗ ಏಳೋ ಮರಿ. ಕಂದ ಅನ್ನೋ ಮಾತಿನ ಬಳಗದ್ದು ಅನಸತೈತಿ. ಇದನ್ನ ತುಂಡು, ಗಡ್ಡಿ, ಬಳ್ಳಿ ಎಲ್ಲಾದಕ್ಕೂ ಹಿಗ್ಗಿಸಿ 'ಕಂದುಹುಟ್ಟು' ಅನ್ನಬಹುದೇನು? ಬಣ್ಣದ ಕಂದು, ಬಾಡೋ ಕಂದು ಅಡ್ಡ ಬರತಾವೇನೋ ಅಂತ ಅಳುಕೂ ಐತಿ. ಸವಣೂರ ಕಡೆ ಎಲಿಬಳ್ಳಿ ತ್ವಾಟ ಇದ್ದವ್ರು ಯಾರರ ಇದ್ರ ತಿಳಸ್ರಿ, ಹೊಸಾ ತ್ವಾಟಕ್ಕ ಊರಾಕ ಕತ್ತರಿಸೋ ಬಳ್ಳಿ ತುಂಡಿಗೆ ನೀವೂ ಬೀಜನ ಅಂತೀರೋ, ಬ್ಯಾರೆ ಹೆಸರ ಐತೋ?