ಅಪ್ಪನಿಗೆ ನೆದರ್‌ಲ್ಯಾಂಡ್ಸ್‌ನ ಸಮಾಧಿ ದಿಬ್ಬ ತೋರಿಸಬೇಕು, ಎಲ್ಲಿಗೆ ಹೋಗಲಿ?

ಆಗಸ್ಟ್ ಕೊನೆಗೆ ಅಪ್ಪ ಅಮ್ಮ ಐಂಡ್‌ಹೋವನ್‌ಗೆ ಬರುತ್ತಿದ್ದಾರೆ. ಅಪ್ಪ ಗಂಗಾವತಿಯವರು, ಹಿರೇಬೆಣಕಲ್ ಗುಡ್ಡದ ಕಲ್ಲುಸಮಾಧಿ ನೋಡುತ್ತಾ ಬೆಳೆದವರು. ಇಲ್ಲಿನವನ್ನೂ ನೋಡಬೇಕು ಅನ್ನುತ್ತಿದ್ದಾರೆ. ಅಮ್ಮನಿಗೆ ಮಂಡಿನೋವು. ನೋಡಿದವರು ಹೇಳಿ.

— ಪಕ್ಕದಲ್ಲೇ ಇದೆಯಲ್ಲ, ವೆಲ್ಡ್‌ಹೋವನ್ ಹತ್ತಿರದ ಟೋಟರ್‌ಫೌಟ್! ಮೊದಲು ಅಲ್ಲಿಗೇ ಹೋಗಿ. ಬೇರೆ ಕಡೆ ದಿಬ್ಬ ಅಂದರೆ ಹುಲ್ಲು, ಹೀದರ್ ಎಂಬ ಕುರುಚಲು ಗಿಡ ಬೆಳೆದ ಮಣ್ಣಗುಡ್ಡೆ ಅಷ್ಟೇ. ಗೊತ್ತಿಲ್ಲದವರು ಸುಮ್ನೆ ದಾಟಿ ಹೋಗಿಬಿಡುತ್ತಾರೆ. ಇಲ್ಲಿ 1948ರಿಂದ 1951ರವರೆಗೆ ಗ್ಲಾಸ್‌ಬರ್ಗನ್ ಎಂಬ ಪುರಾತತ್ವಜ್ಞರು ಉತ್ಖನನ ಮಾಡಿದರು. ದಿಬ್ಬದ ಸುತ್ತ ನೆಟ್ಟಿದ್ದ ಮರದ ಕಂಬಗಳು ಎಂದೋ ಕೊಳೆತಿದ್ದರೂ ಮಣ್ಣಿನಲ್ಲಿ ಕಪ್ಪು ಗುರುತು ಉಳಿದಿತ್ತು. ಕೆಲವು ದಿಬ್ಬಗಳಿಗೆ ಹೊಸ ಕಂಬ ನೆಟ್ಟಿದ್ದಾರೆ. ಕಂಚಿನ ಯುಗದಲ್ಲಿ ಹೇಗಿತ್ತು ಅಂತ ಆಗ ತಲೆಗೆ ಹತ್ತುತ್ತದೆ.

— ಹಿರೇಬೆಣಕಲ್ ಮನಸ್ಸಲ್ಲಿಟ್ಟುಕೊಂಡು ಬಂದರೆ ಅಪ್ಪನಿಗೆ ನಿರಾಸೆ ಆಗಬಹುದು, ಮೊದಲೇ ಹೇಳಿಬಿಡಿ. ಅಲ್ಲಿ ಬಂಡೆ ಸೀಳಿ ಚಪ್ಪಡಿ ನಿಲ್ಲಿಸಿದರು. ಈ ಬಯಲಲ್ಲಿ ಮರಳು ಬಿಟ್ಟರೆ ಏನಿದೆ? ಹೀದರ್ ಗಿಡದ ಬೇರುಸಮೇತ ಮಣ್ಣಿನ ಹೆಂಟೆ ಕತ್ತರಿಸಿ, ಒಂದರ ಮೇಲೊಂದು ಪೇರಿಸಿದರು. ದಿಬ್ಬ ಕೊಯ್ದು ನೋಡಿದರೆ ಒಂದೊಂದು ಹೆಂಟೆಯೂ ಬೂದು, ಕಪ್ಪು ಪಟ್ಟಿಯಾಗಿ ಬೇರೆ ಬೇರೆ ಕಾಣುತ್ತದೆ. ಈ ಮಣ್ಣು ಹುಳಿ, ಮೂಳೆಯನ್ನೇ ಕರಗಿಸಿಬಿಡುತ್ತದೆ. ಹೂತ ಮನುಷ್ಯ ಕೆಲವು ಕಡೆ ಮರಳಿನ ಮೇಲಿನ ಕಪ್ಪು ಕಲೆಯಾಗಿ ಮಾತ್ರ ಉಳಿದಿದ್ದಾನೆ. ಸುಟ್ಟ ಮೂಳೆಯಾದರೆ ಕರಗದೆ ಉಳಿಯುತ್ತದೆ.

ನನಗೆ ಇಷ್ಟವಾಗಿದ್ದು ಇನ್ನೊಂದು ಸಂಗತಿ. ದಿಬ್ಬದ ಅಡಿ ಮುಚ್ಚಿಹೋದ ಹಳೇ ನೆಲದಲ್ಲಿ ಪರಾಗ ಹಾಗೇ ಉಳಿದಿದೆ. ಅದನ್ನು ನೋಡಿದರೆ ಎಷ್ಟೋ ಕಡೆ ಆಗಲೇ ಹೀದರ್ ಬಯಲು ಇತ್ತು ಅಂತ ತಿಳಿಯುತ್ತದೆ. ಅಂದರೆ ಕಾಡು ಕಡಿದು, ದನ ಕುರಿ ಮೇಯಿಸಿ ಉಳಿಸಿಕೊಂಡ ಬಯಲು. ಮೇಯಿಸುವುದು ಬಿಟ್ಟರೆ ಮತ್ತೆ ಕಾಡೇ.

ಅಪ್ಪ ಕಲ್ಲೇ ಬೇಕು ಅಂದರೆ ಡ್ರೆಂಥೆ ಪ್ರಾಂತ್ಯದ ಬೋರ್ಗರ್ ಊರಿಗೆ ಹೋಗಿ. ಹಿಮನದಿ ತಂದುಹಾಕಿದ ಬಂಡೆಗಳ ಸಮಾಧಿ, 22 ಮೀಟರ್ ಉದ್ದ, 5,000 ವರ್ಷ ಹಳೆಯದು. ಪಕ್ಕದಲ್ಲೇ ಮ್ಯೂಸಿಯಂ. ನಿಮ್ಮಿಂದ ಕಾರಿನಲ್ಲಿ ಎರಡು ಗಂಟೆಗೂ ಜಾಸ್ತಿ.

— ಅಮ್ಮನ ಮಂಡಿಗೆ ಲೈಡನ್‌ನ ಪ್ರಾಚ್ಯವಸ್ತು ಸಂಗ್ರಹಾಲಯವೇ ವಾಸಿ. ಓಸ್ ಊರಿನ 53 ಮೀಟರ್ ಅಗಲದ ದಿಬ್ಬದಲ್ಲಿ 1933ರಲ್ಲಿ ಸಿಕ್ಕ ಕಂಚಿನ ಬಕೆಟ್ ಅಲ್ಲಿದೆ. ಸುಟ್ಟ ಮೂಳೆಯ ಜೊತೆ ಕಬ್ಬಿಣದ ಕತ್ತಿಯನ್ನೂ ಅದರಲ್ಲೇ ಇಟ್ಟಿದ್ದರು, ಸುರುಳಿಯಾಗಿ ಬಗ್ಗಿಸಿ! ಹಿಡಿಗೆ ಚಿನ್ನದ ಕೆಲಸ.

— ಆಗಸ್ಟ್ ಕೊನೆ ಅಂದರೆ ಹೀದರ್ ಹೂ ಬಿಡುವ ಹೊತ್ತು ಅಲ್ವಾ, ಎರ್ಮೆಲೋ ಊರಿನ ಹೀದರ್ ಬಯಲೂ ನೋಡಿ. ನೇರಳೆ ಬಣ್ಣದ ನಡುವೆ ದಿಬ್ಬಗಳಿವೆ, ಕುರಿಹಿಂಡೂ ಇದೆ. ಫೋಟೋಗೆ ಅಂತ ದಿಬ್ಬ ಹತ್ತಬೇಡಿ, ಅಂಚು ಕುಸಿಯುತ್ತದೆ. ರಕ್ತ ಹೀರುವ ಉಣ್ಣೆ ಹುಳುವಿನ (ಟಿಕ್) ಕಾಟ ಇದೆ, ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು. ಪ್ಯಾಂಟನ್ನು ಸಾಕ್ಸ್ ಒಳಗೆ ತೂರಿಸಿಕೊಳ್ಳಿ. ಅಮ್ಮ ಸೀರೆಯಲ್ಲಿದ್ದರೆ ದಾರಿ ಬಿಟ್ಟು ಗಿಡಗಳ ಒಳಗೆ ಇಳಿಯುವುದು ಬೇಡ. ಮನೆಗೆ ಬಂದ ಮೇಲೆ ಎಲ್ಲರೂ ಮೈಕೈ ನೋಡಿಕೊಳ್ಳಿ.