ಅಪ್‌ಡೇಟ್: ವಿಜಯಪುರದ ಬಾಡಿಗೆ ಮನೆ, ನಾನು ಪುಣೆಯಲ್ಲಿ

ಪುಣೆಯಲ್ಲಿದ್ದುಕೊಂಡು, ವಿಜಯಪುರದಲ್ಲಿ ಬಾಡಿಗೆಗೆ ಕೊಟ್ಟಿರೋ ನನ್ನ ಮನೆ ಸಂಭಾಳಿಸೋದು ಹೇಗೆ ಅಂತ ಇಲ್ಲಿ ಕೇಳಿದ್ದೆ. ಏಜೆಂಟ್ ಬೇಡ, ಓಣಿಯವರನ್ನೇ ಹಿಡೀರಿ ಅಂದಿದ್ರಿ. ಹಾಗೇ ಮಾಡಿದೆ, ತುಂಬಾ ಒಳ್ಳೇದಾಯ್ತು. ಜಲನಗರದಲ್ಲಿ ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಅಣ್ಣನ ಹತ್ತಿರ ಈಗ ಒಂದು ಕೀಲಿ ಇದೆ. ಪುಕ್ಕಟೆ ಅಲ್ಲ, ತಿಂಗಳು ತಿಂಗಳು ಹಣ ಕೊಡ್ತೀನಿ. ಕೊಡಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಮೊನ್ನೆ ಮಾಳಿಗೆ ಮೇಲಿನ ಟ್ಯಾಂಕಿನ ಬಾಲ್‌ಕಾಕ್ ಕೆಟ್ಟು ನೀರು ಗೋಡೆಗುಂಟ ಇಳೀತಿತ್ತು. ಹಳೇ ಬಾಲ್‌ಕಾಕ್, ಹೊಸದು, ಅಂಗಡಿ ಬಿಲ್ಲು, ಮೂರರ ಫೋಟೊನೂ ಸಂಜೆಯೊಳಗೆ ವಾಟ್ಸಾಪಿಗೆ ಬಂತು.

ಬಾಡಿಗೆದಾರರ ಜೊತೆ ಕರಾರು 11 ತಿಂಗಳಿಗೇ ಮಾಡಿದೆ, ವರ್ಷ ಮೀರಿದ್ರೆ ನೋಂದಣಿ ಕಡ್ಡಾಯ. ಹೆಸ್ಕಾಂ ಕರೆಂಟ್ ಬಿಲ್ಲಿನ ಬಾಕಿ ಫೋನಿನಲ್ಲೇ ನೋಡ್ತೀನಿ. ಬಾಡಿಗೆ ನೇರ ಖಾತೆಗೆ ಬರ್ತದೆ. ಸುಣ್ಣ-ಬಣ್ಣದ ಖರ್ಚು ಯಾರದು ಅನ್ನೋದಷ್ಟೇ ಇನ್ನೂ ಬಗೆಹರಿದಿಲ್ಲ, ದೀಪಾವಳಿಗೆ ಊರಿಗೆ ಬಂದಾಗ ಕೂತು ಮಾತಾಡ್ತೀವಿ.